ನೀಲಿ ಮೇಲೆ, ಹಸಿರು ಕೆಳಗೆ: ಭುವನೇಶ್ವರಕ್ಕೆ ಎರಡನೇ ಸಲ

ಪ್ರಶಾಂತಿ ಎಕ್ಸ್‌ಪ್ರೆಸ್ ಬ್ರಹ್ಮಪುರ ದಾಟಿದ ಮೇಲೆ ನಾನು ಬಲಗಡೆಯ ಕಿಟಕಿ ಬಿಟ್ಟು ಏಳಲಿಲ್ಲ. ಬೆಂಗಳೂರಿನಲ್ಲಿ ಹತ್ತಿ ಒಂದು ರಾತ್ರಿ ಕಳೆದಿತ್ತು, ಸೊಂಟ ಹಿಡಿದಿತ್ತು. ಆದರೆ ಮುಂದೆ ಛತ್ರಪುರ, ಆಮೇಲೆ ಚಿಲಿಕಾ ಸರೋವರ. ಹೇಗೆ ಬಿಡೋದು? ಛತ್ರಪುರದ ಕಡಲ ಮರಳು ನೋಡೋಕೆ ಬರೀ ಮರಳು. ಅದರೊಳಗೆ ಇಲ್ಮನೈಟ್, ರುಟೈಲ್, ಜಿರ್ಕಾನ್, ಮೊನಜೈಟ್ ಎಲ್ಲ ಬೆರೆತಿವೆ. ನಮ್ಮ ಗೋಡೆಯ ಬಿಳಿ ಪೇಂಟಿಗೆ ಬೇಕಾದ ಟೈಟಾನಿಯಂ ಇರುವುದು ಇಲ್ಮನೈಟ್‌ನಲ್ಲಿ. ಥೋರಿಯಂ ಮತ್ತು ರೇರ್ ಅರ್ಥ್ ಲೋಹಗಳು ಮೊನಜೈಟ್‌ನಲ್ಲಿ. ಕಾಳು ಕಾಳಾಗಿ ಇವನ್ನು ಬೇರೆ ಮಾಡುವ ವಿದ್ಯೆಯೇ ನನ್ನನ್ನು ಎರಡನೇ ಸಲ ಈ ದಾರಿಗೆ ಎಳೆದು ತಂದದ್ದು.

ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಮಿಶ್ರಣ ಬೇರ್ಪಡಿಸುವ ಪಾಠ ಬಂದಾಗಲೆಲ್ಲ ನಮ್ಮಜ್ಜಿ ಅಕ್ಕಿ ಗಾಲಿಸುತ್ತಿದ್ದದ್ದನ್ನು ಮಕ್ಕಳಿಗೆ ಹೇಳುತ್ತೇನೆ. ನೀರಿನಲ್ಲಿ ಪಾತ್ರೆ ಅಲುಗಿಸಿದರೆ ಅಕ್ಕಿ ಮುಂದಕ್ಕೆ ಹರಿಯುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ಪುರಿಗೆ ಹೋದವನು ಒಂದು ದಿನ ಮಿಗಿಸಿಕೊಂಡು ಭುವನೇಶ್ವರದ ಖನಿಜ ಮತ್ತು ವಸ್ತು ತಂತ್ರಜ್ಞಾನ ಸಂಸ್ಥೆ (ಐಎಂಎಂಟಿ) ನೋಡಿದ್ದೆ. ಅದು ಸಿಎಸ್‌ಐಆರ್, ಅಂದರೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ ಸೇರಿದ್ದು. ಸೆಪ್ಟೆಂಬರ್ 26 ಆ ಮಂಡಳಿ ಸ್ಥಾಪನೆಯಾದ ದಿನ. ಆ ಸುಮಾರಿಗೆ ಅದರ ಪ್ರಯೋಗಾಲಯಗಳಲ್ಲಿ ಹೊರಗಿನವರನ್ನೂ ಒಳಗೆ ಬಿಡುವುದುಂಟು. ಅಲ್ಲಿ ಓರೆಯಾಗಿಟ್ಟ ಮೇಜೊಂದು ಸಣ್ಣಗೆ ಅಲುಗುತ್ತಿತ್ತು. ಮೇಲಿನಿಂದ ನೀರು, ಮರಳು. ನೋಡನೋಡುತ್ತ ಕಪ್ಪು, ಕಂದು, ಬಿಳಿ ಮೂರು ಪಟ್ಟೆಗಳಾಗಿ ಮರಳು ಬಿಡಿಸಿಕೊಂಡಿತು. ನಮ್ಮಜ್ಜಿಯ ಕೈಯೇ ಅದು! ವರ್ಷ ಬಿಟ್ಟು ಮತ್ತೆ ಬರಬೇಕು, ಏನೇನು ಮುಂದೆ ಹೋಗಿದೆ ನೋಡಬೇಕು ಅಂತ ಅವತ್ತೇ ನಿಶ್ಚಯ ಮಾಡಿಕೊಂಡಿದ್ದೆ.

ಆಟೋದವರಿಗೆ ಐಎಂಎಂಟಿ ಅಂದೆ, ಗೊತ್ತಾಗಲಿಲ್ಲ. ಆರ್‌ಆರ್‌ಎಲ್ ಅಂದೆ, ತಕ್ಷಣ ಮೀಟರ್ ಕಡೆ ಕೈ ಹೋಯಿತು. 1964ರಲ್ಲಿ ಶುರುವಾದಾಗ ಅದರ ಹೆಸರು ರೀಜನಲ್ ರಿಸರ್ಚ್ ಲ್ಯಾಬೊರೇಟರಿ. 2007ರಲ್ಲಿ ಈಗಿನ ಹೆಸರು ಬಂತು. ಜಾಗ ಆಚಾರ್ಯ ವಿಹಾರ, ತಾರಾಲಯದ ಹತ್ತಿರ. ದಾರಿಯುದ್ದಕ್ಕೂ ಕೆಂಪು ಮುರಕಲ್ಲಿನ ಕಾಂಪೌಂಡುಗಳು. ಥೇಟ್ ನಮ್ಮ ಕರಾವಳಿಯದೇ ಕಲ್ಲು. ಒಡಿಶಾದ್ದೇ ಆದ ಸುಕಿಂದಾ ಕಣಿವೆಯಲ್ಲಿ ಕ್ರೋಮೈಟ್ ಅದಿರು ತೆಗೆಯಬೇಕಾದರೆ ಮೇಲೆ ಮುಚ್ಚಿರುವ ಇಂಥ ಕೆಂಪು ಮಣ್ಣನ್ನು ಮೊದಲು ಎತ್ತಿ ಪಕ್ಕಕ್ಕೆ ಗುಡ್ಡ ಹಾಕುತ್ತಾರೆ. ಆ ಮಣ್ಣಿನಲ್ಲಿ ನಿಕ್ಕಲ್ ಇದೆ, ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟನ್ನು ಆಸಿಡ್ಡಿನಿಂದ, ಬ್ಯಾಕ್ಟೀರಿಯಾದಿಂದ, ಬೂಷ್ಟಿನಿಂದ ಕೂಡ ಬಿಡಿಸಲು ಇಲ್ಲಿಯವರು ವರ್ಷಗಟ್ಟಲೆ ಕೂತಿದ್ದಾರೆ. ಎಸೆದ ಮಣ್ಣಿನ ಮೇಲೆ ಇಷ್ಟು ಶ್ರದ್ಧೆ ಇಟ್ಟವರ ಬಗ್ಗೆ ನನಗೆ ಗೌರವ ಜಾಸ್ತಿ.

ಈ ಒಂದು ವರ್ಷದಲ್ಲಿ ಹೊರಗೂ ಬಹಳ ಬದಲಾಗಿತ್ತು. 2025ರ ಜನವರಿಯಲ್ಲಿ ಕೇಂದ್ರ ಸಂಪುಟ 16,300 ಕೋಟಿ ರೂಪಾಯಿಯ ಕ್ರಿಟಿಕಲ್ ಮಿನರಲ್ ಮಿಷನ್‌ಗೆ, ಅಂದರೆ ದೇಶಕ್ಕೆ ಅತ್ಯಗತ್ಯವಾದ ಖನಿಜಗಳ ಯೋಜನೆಗೆ, ಒಪ್ಪಿಗೆ ಕೊಟ್ಟಿತು. ಏಪ್ರಿಲ್‌ನಲ್ಲಿ ಚೀನಾ ಏಳು ರೇರ್ ಅರ್ಥ್ ಲೋಹಗಳ ರಫ್ತು ಬಿಗಿ ಮಾಡಿತು, ಮೋಟಾರಿನ ಮ್ಯಾಗ್ನೆಟ್ ಸಿಗದೆ ವಾಹನ ತಯಾರಿಸುವವರು ಪರದಾಡಿದರು. ಮಿಷನ್ ಅಡಿ ಮೊದಲಿಗೆ ಆರಿಸಿದ ಏಳು ಉತ್ಕೃಷ್ಟತಾ ಕೇಂದ್ರಗಳಲ್ಲಿ ಈ ಸಂಸ್ಥೆಯೂ ಒಂದು. ಪೇಪರಿನಲ್ಲಿ ಓದಿ ನನ್ನ ಮನೆಯದೇ ಸುದ್ದಿ ಅನ್ನುವಷ್ಟು ಖುಷಿಯಾಗಿತ್ತು.

ಒಳಗೆ ಹೋದರೆ ಕಳೆದ ವರ್ಷ ಮಾತಾಡಿಸಿದ್ದ ಸಂಶೋಧನಾ ವಿದ್ಯಾರ್ಥಿನಿ ದೂರದಿಂದಲೇ ಗುರುತು ಹಿಡಿದರು. ಸಂಡೂರಿನ ಹುಡುಗಿ.

"ಮತ್ತ ಬಂದ್ರಾ ಸರ್! ಬರ್ರಿ ಬರ್ರಿ."

"ನಿನ್ನ ನೀಲಿ ನೀರು ನೋಡೋಕೆ ಬಂದೆನಮ್ಮ" ಅಂದೆ.

ಅವರ ಕೆಲಸ ಸತ್ತ ಲಿಥಿಯಂ ಬ್ಯಾಟರಿಗಳ ಮೇಲೆ. ಬ್ಯಾಟರಿ ಒಡೆದು ಪುಡಿ ಮಾಡಿದರೆ ಮಸಿಯಂಥ ಪುಡಿ ಸಿಗುತ್ತದೆ. ಅದನ್ನು ಆಸಿಡ್ಡಿನಲ್ಲಿ ಕರಗಿಸುತ್ತಾರೆ. ಕೊಬಾಲ್ಟ್ ಮತ್ತು ನಿಕ್ಕಲ್ ಎರಡೂ ಒಂದೇ ನೀರಿಗೆ ಇಳಿಯುತ್ತವೆ. ಗುಣದಲ್ಲಿ ಅಣ್ಣ ತಮ್ಮಂದಿರು, ಬಿಡಿಸುವುದು ಕಷ್ಟ. ಕಳೆದ ವರ್ಷ ಅವರು ಗಾಜಿನ ಆಲಿಕೆಯೊಂದಕ್ಕೆ ಆ ನೀರು ಹಾಕಿ, ಮೇಲೆ ಸೀಮೆಎಣ್ಣೆಯಲ್ಲಿ ಬೆರೆಸಿದ ಒಂದು ರಾಸಾಯನಿಕ ಸುರಿದು, ಮುಚ್ಚಳ ಹಿಡಿದು ಚೆನ್ನಾಗಿ ಕುಲುಕಿದ್ದರು. ಸ್ಟ್ಯಾಂಡಿಗೆ ಸಿಕ್ಕಿಸಿ ನಿಮಿಷ ಬಿಟ್ಟರು, ಅಷ್ಟೆ. ಎಣ್ಣೆ ಮೇಲೆ ತೇಲಿತು, ಶಾಯಿಯಂಥ ಕಡು ನೀಲಿ. ಕೆಳಗೆ ಉಳಿದ ನೀರು ತಿಳಿ ಹಸಿರು. ನೀಲಿಯಲ್ಲಿ ಕೊಬಾಲ್ಟ್, ಹಸಿರಿನಲ್ಲಿ ನಿಕ್ಕಲ್. ನಾನು ಅಷ್ಟು ಚಂದದ ಪ್ರಯೋಗ ಬೇರೆ ನೋಡಿಲ್ಲ.

ಈ ಸಲ ಆಲಿಕೆಯ ಜಾಗದಲ್ಲಿ ಸಾಲಾಗಿ ಪಾರದರ್ಶಕ ಪೆಟ್ಟಿಗೆಗಳಿದ್ದವು. ಮಿಕ್ಸರ್-ಸೆಟ್ಲರ್ ಅನ್ನುತ್ತಾರೆ. ಒಂದು ಕಡೆ ಕಲೆಸುವ ರೆಕ್ಕೆ, ಪಕ್ಕದಲ್ಲಿ ಸುಮ್ಮನೆ ನಿಂತು ಬೇರೆಯಾಗುವ ಕೋಣೆ. ಎಣ್ಣೆ ಒಂದು ತುದಿಯಿಂದ, ನೀರು ಇನ್ನೊಂದು ತುದಿಯಿಂದ ಎದುರುಬದುರು ಹರಿಯುತ್ತವೆ, ನಿಲ್ಲುವ ಹಾಗಿಲ್ಲ. ಬಗ್ಗಿ ನೋಡಿದೆ. ನೀಲಿಗೂ ಹಸಿರಿಗೂ ನಡುವೆ ಬೂದು ಬಣ್ಣದ ಇನ್ನೊಂದು ಪದರ, ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಕೂತಿತ್ತು.

"ಇದ ನೋಡ್ರಿ ಸರ್ ನನ್ನ ಇಡೀ ವರ್ಷ" ಅಂದರು. "ಇದಕ್ಕ ಕ್ರಡ್ ಅಂತೀವಿ. ಕೈಯಾಗ ಕುಲುಕಿದಾಗ ಇದು ಬಂದೇ ಇರಲಿಲ್ಲ."

ಸೋಸಿದರೂ ನುಸುಳಿ ಬರುವ ನಯವಾದ ದೂಳು ಎಣ್ಣೆ-ನೀರಿನ ಗಡಿಯಲ್ಲಿ ಸಿಕ್ಕಿಕೊಂಡು ಎರಡನ್ನೂ ಕೂಡಲೂ ಬಿಡುವುದಿಲ್ಲ, ಬೇರೆಯಾಗಲೂ ಬಿಡುವುದಿಲ್ಲ. ಬೆಲೆಬಾಳುವ ಎಣ್ಣೆ ಅದರಲ್ಲೇ ಸೇರಿ ಹೋಗುತ್ತದೆ. ರೆಕ್ಕೆಯ ವೇಗ ತಗ್ಗಿಸಿ, ಸೋಸುವ ಬಟ್ಟೆ ಬದಲಿಸಿ, ಆಮ್ಲದ ಮಟ್ಟ ಸರಿಹೊಂದಿಸಿ, ಮೊದಲು ಬೆರಳಗಲ ಇದ್ದ ಪದರವನ್ನು ದಾರದಷ್ಟು ತೆಳ್ಳಗೆ ಮಾಡಿದ್ದರು. ವರ್ಷದ ಕೆಲಸ ಅಂದರೆ ಇದು ಅಲ್ವಾ? ಗ್ರಾಂ ಲೆಕ್ಕದಲ್ಲಿ ಗೆದ್ದದ್ದನ್ನು ಕಿಲೋ ಲೆಕ್ಕಕ್ಕೆ ಒಯ್ಯುವಾಗ ಹೊಸದಾಗಿ ಎದುರಾಗುವ ಒಂದು ಬೆರಳಗಲದ ಕೆಸರು. ಪತ್ರಿಕೆಯಲ್ಲಿ ಇದು ಬರುವುದಿಲ್ಲ. ಬರಬೇಕಿತ್ತು.

ಹೊರಡುವ ಮೊದಲು ಅವರು ಕೈಗೆ ಒಂದು ಕಪ್ಪು ಗಡ್ಡೆ ಕೊಟ್ಟರು. ಹಿಂದೂ ಮಹಾಸಾಗರದ ತಳದ ಮ್ಯಾಂಗನೀಸ್ ಗಡ್ಡೆ. ಕೆಂಡದಲ್ಲಿ ಸುಟ್ಟ ಆಲೂಗಡ್ಡೆಯ ಹಾಗಿತ್ತು, ಅಂದುಕೊಂಡದ್ದಕ್ಕಿಂತ ಹಗುರ. ಪಕ್ಕದಲ್ಲಿ ಕೊಯ್ದಿಟ್ಟ ಇನ್ನೊಂದರಲ್ಲಿ ಈರುಳ್ಳಿಯಂತೆ ಸುತ್ತು ಸುತ್ತು ಪದರ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದಂತೆ. 1981ರ ಜನವರಿ 26ರಂದು ಗವೇಷಣಿ ಎಂಬ ಸಂಶೋಧನಾ ಹಡಗು ಅರಬ್ಬಿ ಸಮುದ್ರದಿಂದ ನಮ್ಮ ದೇಶದ ಮೊದಲ ಗಡ್ಡೆ ಎತ್ತಿತು. ಇದರೊಳಗಿನ ನಿಕ್ಕಲ್, ಕೊಬಾಲ್ಟ್, ತಾಮ್ರ ಬಿಡಿಸುವ ವಿಧಾನಗಳ ಮೇಲೆ ಇಲ್ಲಿ ದಶಕಗಳಿಂದ ಕೆಲಸ ನಡೆದಿದೆ. ಸತ್ತ ಬ್ಯಾಟರಿಯ ಪುಡಿಗೂ ಕಡಲ ತಳದ ಈ ಗಡ್ಡೆಗೂ ಕೊನೆಗೆ ಅದೇ ನೀಲಿ, ಅದೇ ಹಸಿರು. ಗಡ್ಡೆ ವಾಪಸ್ ಕೊಟ್ಟಾಗ ಅಂಗೈ ಮಸಿಯಾಗಿತ್ತು.

ಊರಿಗೆ ಬಂದ ವಾರ ಒಂಬತ್ತನೇ ತರಗತಿಗೆ ಒಂದು ಗಾಜಿನ ಬಾಟಲಿ ಒಯ್ದೆ. ಅರ್ಧ ನೀರು, ಅರ್ಧ ಸೀಮೆಎಣ್ಣೆ. ಕುಲುಕಿ ಇಟ್ಟೆ, ಬೇಗ ಬೇರೆಯಾಯಿತು. ಆಮೇಲೆ ಒಂದು ಚಿಟಿಕೆ ಜೇಡಿಮಣ್ಣಿನ ಪುಡಿ ಹಾಕಿ ಮತ್ತೆ ಕುಲುಕಿದೆ. ಮಕ್ಕಳೆಲ್ಲ ಮೇಜಿನ ಸುತ್ತ ಕಾದರು. ಬೆಲ್ ಹೊಡೆಯಿತು. ನಡುವಿನ ಕೆಸರು ಹಾಗೇ ನಿಂತಿತ್ತು. "ಸಾರ್, ನಾಳೆ ಇದನ್ನ ಹೇಗೆ ತೆಗೆಯೋದು?" ಅಂತ ಒಬ್ಬಳು ಕೇಳಿದಳು. ಬಾಟಲಿಯನ್ನು ಅವಳ ಕೈಗೇ ಕೊಟ್ಟೆ.