ಬೀದಿ ಮುಗಿಯುವಲ್ಲಿ ಹೊಲ: ಲೌಡನ್ ಕೌಂಟಿಯ ವಾಟರ್‌ಫರ್ಡ್

ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪೂರ್ವ ಭಾಗ ಅಲ್ಲಿನ ಕನ್ನಡಿಗರಿಗೆಲ್ಲ ಚಿರಪರಿಚಿತ. ಆಶ್‌ಬರ್ನ್ ಸುತ್ತಮುತ್ತಲ ಬಡಾವಣೆಗಳಲ್ಲಿ ನಮ್ಮವರ ಮನೆಗಳು ಬೇಕಾದಷ್ಟಿವೆ, ಅವುಗಳ ಆಚೆಗೆ ಕಿಟಕಿಗಳಿಲ್ಲದ ಡೇಟಾ ಸೆಂಟರ್‌ಗಳ ಗೋಡೆಗಳು ಸಾಲುಗಟ್ಟಿ ನಿಂತಿವೆ. ನಾನು ಉಳಿದುಕೊಂಡಿದ್ದ ಅಕ್ಕನ ಮನೆಯೂ ಅಲ್ಲಿಯೇ ಇದೆ. ಆದರೆ ಅದೇ ಕೌಂಟಿಯಲ್ಲಿ ಪಶ್ಚಿಮಕ್ಕೆ ಹೊರಟು ಲೀಸ್‌ಬರ್ಗ್ ಪಟ್ಟಣವನ್ನು ದಾಟಿದರೆ, ರಸ್ತೆ ಕಿರಿದಾಗಿ, ಎರಡೂ ಬದಿಯಲ್ಲಿ ಕಲ್ಲಿನ ಬೇಲಿಗಳು, ಹುಲ್ಲುಗಾವಲುಗಳು ಕಾಣತೊಡಗುತ್ತವೆ. ಕ್ಲಾರ್ಕ್ಸ್ ಗ್ಯಾಪ್ ರಸ್ತೆಯಲ್ಲಿ ಇಳಿಜಾರು ಇಳಿದು ಕಟಾಕ್ಟಿನ್ ಹೊಳೆಯ ದಕ್ಷಿಣ ಕವಲನ್ನು ಸಮೀಪಿಸಿದಾಗ ಎದುರಾಗುವ ಊರೇ ವಾಟರ್‌ಫರ್ಡ್.

1733ರ ಸುಮಾರಿಗೆ ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯಿಂದ ಬಂದ ಏಮೊಸ್ ಜಾನಿ ಎಂಬ, ಕ್ರೈಸ್ತರ ಕ್ವೇಕರ್ ಪಂಥದವನು ಇಲ್ಲಿ ನೆಲೆ ನಿಂತನು. ಹೊಳೆಯ ನೀರಿನಿಂದ ಗಿರಣಿ ನಡೆಯಿತು, ಗಿರಣಿಯ ಸುತ್ತ ಊರು ಬೆಳೆಯಿತು. ಈಗಲೂ ಊರಿನ ಒಂದು ತುದಿಯಲ್ಲಿ ಇಟ್ಟಿಗೆಯ ಹಳೆಯ ಗಿರಣಿ ಕಟ್ಟಡ ನಿಂತಿದೆ, ಅಲ್ಲಿಂದ ಮೇನ್ ಸ್ಟ್ರೀಟ್ ದಿಬ್ಬವನ್ನು ಏರುತ್ತದೆ. ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ರಸ್ತೆಯ ಅಂಚಿಗೇ ನಿಂತಿವೆ. ಮುಂದೆ ಅಂಗಳವಿಲ್ಲ, ಇರುವ ಹಿತ್ತಿಲೆಲ್ಲ ಹಿಂದೆ. ಆರ್ಚ್ ಹೌಸ್ ಎಂದು ಕರೆಯುವ ಮನೆಯ ಕೆಳಗೆ ಕಮಾನಿನ ಓಣಿಯೊಂದು ಹಿತ್ತಿಲಿಗೆ ಹಾದುಹೋಗುತ್ತದೆ. ಸಾಲು ಮನೆಗಳ ನಡುವೆ ಜಾಗ ಬಿಡದೆ ಹಿಂದಕ್ಕೆ ದಾರಿ ಮಾಡಿಕೊಳ್ಳಲು ಇದಕ್ಕಿಂತ ಸರಳವಾದ ಉಪಾಯವಿರಲಾರದು.

ನಾನು ಹೆಚ್ಚು ಹೊತ್ತು ನಿಂತದ್ದು ಗೋಡೆಗಳ ಮುಂದೆ. ಮರದ ದಿಮ್ಮಿಗಳನ್ನು ಚೌಕವಾಗಿ ಕೆತ್ತಿ, ಮೂಲೆಯಲ್ಲಿ ಒಂದರೊಳಗೊಂದು ಕಚ್ಚಿ ಕೂರಿಸಿ, ನಡುವಿನ ಸಂದುಗಳನ್ನು ಗಾರೆಯಿಂದ ಮೆತ್ತಿದ ಮನೆಗಳು ಇಲ್ಲಿವೆ, ಕಾಡುಗಲ್ಲಿನ ಮನೆಗಳೂ ಇವೆ. ಇಟ್ಟಿಗೆಯ ಮನೆಗಳಲ್ಲಿ ಬೀದಿಯ ಕಡೆಯ ಗೋಡೆಯನ್ನು ಫ್ಲೆಮಿಶ್ ಬಾಂಡ್ ಎಂಬ ಕ್ರಮದಲ್ಲಿ ಕಟ್ಟಿರುವುದು ಕಾಣುತ್ತದೆ. ಪ್ರತಿ ವರಸೆಯಲ್ಲಿಯೂ ಒಂದು ಇಟ್ಟಿಗೆ ತನ್ನ ಉದ್ದದ ಮಗ್ಗುಲನ್ನು ತೋರಿಸಿದರೆ ಅದರ ಪಕ್ಕದ್ದು ಗಿಡ್ಡ ತಲೆಯನ್ನು ತೋರಿಸುತ್ತದೆ. ಮೇಲಿನ ವರಸೆಯಲ್ಲಿ ಆ ತಲೆ ಕೆಳಗಿನ ಮಗ್ಗುಲಿನ ನಟ್ಟನಡುವೆ ಬಂದು ಕೂರುತ್ತದೆ. ಇದಕ್ಕೆ ಸಮಯವೂ ಕೈಚಳಕವೂ ಹೆಚ್ಚು ಬೇಕಾದ್ದರಿಂದ ಆ ಕಾಲದವರು ಪಕ್ಕದ, ಹಿಂದಿನ ಗೋಡೆಗಳಿಗೆ ಸಾಮಾನ್ಯವಾಗಿ ಸುಲಭದ ಕಟ್ಟನ್ನೇ ಬಳಸುತ್ತಿದ್ದರು. ಆಡಂಬರವನ್ನು ದೂರವಿಟ್ಟಿದ್ದ ಕ್ವೇಕರರ ಊರಿನಲ್ಲಿ ಅಲಂಕಾರವೆಂದರೆ ಬಹುತೇಕ ಇಷ್ಟೇ: ಅಚ್ಚುಕಟ್ಟಾಗಿ ಮಾಡಿದ ಕೆಲಸ. ನನಗೆ ಅದು ಯಾವ ಕೆತ್ತನೆಗಿಂತಲೂ ಹಿತವಾಗಿ ಕಂಡಿತು.

ಇಷ್ಟೆಲ್ಲ ಉಳಿದುಬಂದದ್ದಕ್ಕೆ ಊರಿನ ದುರದೃಷ್ಟವೂ ಒಂದು ಕಾರಣ. ಕ್ವೇಕರರು ಗುಲಾಮಗಿರಿಯನ್ನು ವಿರೋಧಿಸಿದವರು. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ವರ್ಜೀನಿಯಾ, ದೇಶದಿಂದ ಬೇರ್ಪಟ್ಟ ದಕ್ಷಿಣದವರ ಪಕ್ಷ ಸೇರಿದಾಗಲೂ ವಾಟರ್‌ಫರ್ಡ್ ಉತ್ತರದವರ ಪಕ್ಷವಾದ ಒಕ್ಕೂಟಕ್ಕೆ ನಿಷ್ಠವಾಗಿ ಉಳಿಯಿತು. ಈ ಊರಿನ ಗಿರಣಿಯ ಒಡೆಯ ಸ್ಯಾಮ್ಯುಯೆಲ್ ಮೀನ್ಸ್ ಒಕ್ಕೂಟದ ಪರವಾಗಿ ಲೌಡನ್ ರೇಂಜರ್ಸ್ ಎಂಬ ಅಶ್ವದಳವನ್ನು ಕಟ್ಟಿದನು. ಲಿಡಾ ಡಟನ್, ಲಿಜ್ಜೀ ಡಟನ್, ಸಾರಾ ಸ್ಟಿಯರ್ ಎಂಬ ಮೂವರು ತರುಣಿಯರು 1864ರಲ್ಲಿ ಒಕ್ಕೂಟದ ಪರವಾಗಿ ಪತ್ರಿಕೆಯನ್ನೇ ಹೊರಡಿಸಿದರು. ಹೀಗಿದ್ದೂ ಅದೇ ವರ್ಷದ ಕೊನೆಯಲ್ಲಿ ಒಕ್ಕೂಟದ ಸೇನೆಯೇ ಶತ್ರುಗಳಿಗೆ ದವಸ ಸಿಗದಿರಲೆಂದು ಲೌಡನ್‌ನ ಕಣಜಗಳಿಗೆ ಬೆಂಕಿಯಿಟ್ಟಾಗ ನಿಷ್ಠರಾಗಿದ್ದ ಕ್ವೇಕರರ ಕಣಜಗಳೂ ಸುಟ್ಟುಹೋದವು. ಯುದ್ಧದ ನಂತರ ಪಶ್ಚಿಮಕ್ಕೆ ಮುಂದುವರಿದ ರೈಲು ಹಳಿ ಈ ಕಣಿವೆಗೆ ಬರಲಿಲ್ಲ. ವ್ಯಾಪಾರ ಬೇರೆ ಊರುಗಳ ಪಾಲಾಯಿತು. ಹೊಸದನ್ನು ಕಟ್ಟಲು ಹಣವಿಲ್ಲದ್ದರಿಂದ ಹಳೆಯದನ್ನು ಕೆಡವುವವರೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಚೇಂಬರ್ಲಿನ್ ಸೋದರರು ಶಿಥಿಲವಾಗಿದ್ದ ಮನೆಗಳನ್ನು ಕೊಂಡು ದುರಸ್ತಿ ಮಾಡಿಸತೊಡಗಿದರು. 1943ರಲ್ಲಿ ವಾಟರ್‌ಫರ್ಡ್ ಫೌಂಡೇಶನ್ ಸ್ಥಾಪನೆಯಾಯಿತು. 1970ರಲ್ಲಿ ಊರಿಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮನ್ನಣೆ ದೊರೆಯಿತು. ಮುಖ್ಯ ವಿಷಯವೆಂದರೆ ಆ ಮನ್ನಣೆ ಮನೆಗಳಿಗಷ್ಟೇ ಸೀಮಿತವಾಗಿಲ್ಲ, ಸುತ್ತಲಿನ ಹೊಲಗಳೂ ಸೇರಿ ಸುಮಾರು 1,400 ಎಕರೆ ಅದರ ಎಲ್ಲೆಯೊಳಗಿದೆ. ಇದರ ಅರ್ಥವನ್ನು ನಕ್ಷೆಗಿಂತ ಚೆನ್ನಾಗಿ ಕಾಲು ತಿಳಿಸುತ್ತದೆ. ಯಾವ ಬೀದಿಯನ್ನು ಹಿಡಿದರೂ ಹತ್ತು ನಿಮಿಷದೊಳಗೆ ಕೊನೆಯ ಮನೆ ಮುಗಿದು ಹುಲ್ಲುಗಾವಲು ಶುರುವಾಗುತ್ತದೆ. ಅಲ್ಲೊಂದು ಬಡಾವಣೆ ಎದ್ದಿದ್ದರೆ, ಒಂದು ಇಟ್ಟಿಗೆಯೂ ಕದಲದಿದ್ದರೂ ವಾಟರ್‌ಫರ್ಡ್ ಊರಾಗಿ ಉಳಿಯುತ್ತಿರಲಿಲ್ಲ. ಗಿರಣಿಯ ಆಚೆಗಿನ ಫಿಲಿಪ್ಸ್ ಫಾರ್ಮ್ ಮಾರಾಟಕ್ಕೆ ಬಂದಾಗ ಫೌಂಡೇಶನ್ ದೇಣಿಗೆ ಸಂಗ್ರಹಿಸಿ ಆ ಜಮೀನನ್ನೇ ಕೊಂಡುಕೊಂಡದ್ದು ಈ ತಿಳಿವಳಿಕೆಯಿಂದಲೇ.

ಮಧ್ಯಾಹ್ನ ದಕ್ಷಿಣಕ್ಕೆ ಲಿಂಕನ್ ಎಂಬ ಹಳ್ಳಿಗೂ ಹೋಗಿಬಂದೆವು. ಮೊದಲು ಗೂಸ್ ಕ್ರೀಕ್ ಎಂದಿದ್ದ ಆ ಹಳ್ಳಿ ಅಧ್ಯಕ್ಷ ಲಿಂಕನ್ ಅವರ ಹೆಸರನ್ನು ಇಟ್ಟುಕೊಂಡಿದೆ. ರಸ್ತೆಯ ಒಂದು ಬದಿಯಲ್ಲಿ 1765ರ ಕಲ್ಲಿನ ಪ್ರಾರ್ಥನಾ ಮಂದಿರ, ಎದುರು ಬದಿಯಲ್ಲಿ 1817ರ ಇಟ್ಟಿಗೆಯದು, ಹತ್ತಿರದಲ್ಲೇ 1815ರ ಒಂದು ಕೋಣೆಯ ಶಾಲೆ. ದಾರಿಯುದ್ದಕ್ಕೂ ಇಳಿಜಾರಿಗೆ ಆನಿಸಿ ಕಟ್ಟಿದ ದೊಡ್ಡ ಕಣಜಗಳು ಕಂಡವು. ಮೇಲಿನ ಬದಿಯಿಂದ ಹುಲ್ಲಿನ ಗಾಡಿ ನೇರವಾಗಿ ಮಾಳಿಗೆಗೇ ಬರುತ್ತದೆ, ಕೆಳಗಿನ ಬದಿಯಲ್ಲಿ ದನಗಳ ಕೊಟ್ಟಿಗೆ.

ಸಂಜೆಯ ಹೊತ್ತಿಗೆ ಮತ್ತೆ ವಾಟರ್‌ಫರ್ಡ್‌ಗೆ ಬಂದು, ಸೆಕೆಂಡ್ ಸ್ಟ್ರೀಟ್ ಶಾಲೆಯ ಮುಂದೆ ನಿಂತೆವು. ವಾಸ್ತುಶಿಲ್ಪವೆಂದು ಹೇಳಿಕೊಳ್ಳುವಂಥದ್ದೇನೂ ಅದರಲ್ಲಿಲ್ಲ. ಹಲಗೆ ಹೊಡೆದ, ಒಂದೇ ಕೋಣೆಯ ಚಿಕ್ಕ ಕಟ್ಟಡ. ಯುದ್ಧ ಮುಗಿದ ಕೂಡಲೇ ಊರಿನ ಕಪ್ಪು ಜನರು ತಾವೇ ಜಾಗ ಕೊಂಡು, ಕ್ವೇಕರರ ಮತ್ತು ಸರ್ಕಾರದ ನೆರವಿನೊಂದಿಗೆ 1867ರಲ್ಲಿ ತಮ್ಮ ಮಕ್ಕಳಿಗಾಗಿ ಇದನ್ನು ಕಟ್ಟಿದರು. ಪತ್ರಿಕೆ ಹೊರಡಿಸಿದ್ದ ಸಾರಾ ಸ್ಟಿಯರ್ ಇದರ ಮೊದಲ ಶಿಕ್ಷಕಿ. 1957ರವರೆಗೂ ಇಲ್ಲಿ ಪಾಠ ನಡೆಯಿತು. ಈಗ ಕೌಂಟಿಯ ಶಾಲಾ ಮಕ್ಕಳನ್ನು ಇಲ್ಲಿಗೆ ಕರೆತಂದು, 1880ರಲ್ಲಿ ಇಲ್ಲಿ ಓದುತ್ತಿದ್ದ ಒಬ್ಬೊಬ್ಬ ಮಗುವಿನ ಹೆಸರನ್ನು ಒಬ್ಬೊಬ್ಬರಿಗೆ ಕೊಟ್ಟು, ಆ ಹೆಸರಿನಲ್ಲಿಯೇ ಒಂದು ದಿನದ ಪಾಠ ಮಾಡುತ್ತಾರೆ. ಅಕ್ಕನ ಮಗಳು ಕಿಟಕಿಯ ಗಾಜಿಗೆ ಹಣೆಯೊತ್ತಿ ಒಳಗಿನ ಬೆಂಚುಗಳನ್ನು ನೋಡುತ್ತಾ, ತನ್ನ ತರಗತಿಯ ಸರದಿ ಯಾವಾಗ ಬರುತ್ತದೆ ಎಂದು ಕೇಳಿದಳು.