ಶಾಲೆಯ ಕೋಡ್‌ನ ಮೊದಲ ಸೊನ್ನೆ

ನಾನು ಶಾಲಾ ಮಾಹಿತಿ ನೋಡಿಕೊಳ್ಳುವ ಕ್ಲೌಡ್ ಇಂಜಿನಿಯರ್. ದೇಶದ ಶಾಲೆಗಳಿಗೆ ಯುಡೈಸ್ ಎಂಬ 11 ಅಂಕಿಯ ಕೋಡ್ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಹಿಮಾಚಲಕ್ಕೆ 02. ಯಾರಾದರೂ ಈ ಕೋಡ್‌ಗಳಿರುವ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ, ಎಕ್ಸೆಲ್ ಕೋಡನ್ನು ಸಂಖ್ಯೆ ಎಂದುಕೊಂಡು ಆ ಮೊದಲ ಸೊನ್ನೆ ಹಾರಿಹೋಗಬಹುದು. ಆಮೇಲೆ ಹಿಮಾಚಲದ ಆ ಶಾಲೆಗಳ ಮಕ್ಕಳ ಮಾಹಿತಿ ಬೇರೆ ಯಾವ ಪಟ್ಟಿಗೂ ತಾಳೆಯಾಗುವುದಿಲ್ಲ. ಅದಕ್ಕೇ ನಾನು ಕೋಡನ್ನು ಟೆಕ್ಸ್ಟ್ ಆಗಿಯೇ ಇಡುತ್ತೇನೆ. ಫೈಲ್ ಎಸ್3ಗೆ (ಅಮೆಜಾನ್ ಕ್ಲೌಡ್‌ನ ಫೈಲ್ ಸಂಗ್ರಹ) ಬಂದ ತಕ್ಷಣ ಒಂದು ಲ್ಯಾಂಬ್ಡಾ (ತಾನಾಗಿಯೇ ಓಡುವ ಸಣ್ಣ ಪ್ರೋಗ್ರಾಂ) ಕೋಡ್‌ನ ಉದ್ದ ನೋಡುತ್ತದೆ; 11 ಅಂಕಿ ಇಲ್ಲದಿದ್ದರೆ ಮುಂದೆ ಬಿಡುವುದಿಲ್ಲ.

ಸರ್ವರ್ ನಿಂತರೆ ಮತ್ತೆ ಶುರು ಮಾಡಬಹುದು. ಮಕ್ಕಳ ಹೆಸರು, ಹುಟ್ಟಿದ ದಿನ, ಜಾತಿ ಸೋರಿದರೆ ವಾಪಸ್ ತರಲು ಆಗುವುದಿಲ್ಲ, ಅಲ್ವಾ? ನನಗೆ ಅದರದ್ದೇ ಚಿಂತೆ ಜಾಸ್ತಿ. ಅಂಕಿಅಂಶ ತೋರಿಸುವ ಡ್ಯಾಶ್‌ಬೋರ್ಡ್‌ಗೆ ಬರೀ ಲೆಕ್ಕ ಸಾಕು, ಹೆಸರು ಬೇಡ. 'ಸುಮ್ನೆ ಟೆಸ್ಟಿಂಗ್‌ಗೆ' ಎಂದು ಯಾರೇ ಕೇಳಿದರೂ ಹೆಸರಿರುವ ಟೇಬಲ್‌ಗೆ ಅನುಮತಿ ಕೊಡುವುದಿಲ್ಲ. ಅವರಿಗೆಂದೇ ನಕಲಿ ಹೆಸರುಗಳ ಬೇರೆ ಡೇಟಾಬೇಸ್ ಮಾಡಿಟ್ಟಿದ್ದೇನೆ.