ಕೆಲಸ ಬಿಡೋ ವಿಷಯ ಹೇಳ್ಬೇಕಾ, ಮುಚ್ಚಿಡ್ಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ವಾರಕ್ಕೊಂದಾದ್ರೂ ಫೋನ್ ಬರುತ್ತೆ ಈ ವಿಷಯಕ್ಕೆ. ಬೆಂಗಳೂರಲ್ಲಿ ಹದಿನಾರು ವರ್ಷ ಎಚ್‌ಆರ್ ಕೆಲಸ ಮಾಡಿದೀನಿ, ಮೊದಲ ಐದು ವರ್ಷ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ, ಆಮೇಲೆಲ್ಲಾ ಐಟಿ ಕಂಪನಿಗಳಲ್ಲಿ. ಹಾಗಾಗಿ ನೆಂಟರ ಮಕ್ಕಳು, ಹಳೇ ಕಲೀಗ್ಸು, ಊರಿನ ಹುಡುಗ್ರು ಎಲ್ರೂ ಕೇಳೋದು ಒಂದೇ, "ಅಕ್ಕಾ, ಪೇಪರ್ ಹಾಕ್ಬೇಕು ಅಂತಿದೀನಿ, ಈಗ್ಲೇ ಹೇಳ್ಬಿಡ್ಲಾ, ಇಲ್ಲಾ ಎಲ್ಲಾ ಮುಗಿಯೋ ತನಕ ಸುಮ್ನಿರ್ಲಾ?"

ನಾನು ವಾಪಸ್ ಕೇಳೋದು, "ಯಾರಿಗೆ?" ಅಂತ. ಆಫೀಸಲ್ಲಾದ್ರೆ ಆಫರ್ ಲೆಟರ್ ಕೈಗೆ ಬಂದು ನೀನು ಅದನ್ನ ಒಪ್ಕೊಂಡು, ಅವರಿಂದ ಜಾಯ್ನಿಂಗ್ ಡೇಟ್ ಬರೋ ತನಕ ಒಂದು ನರಪಿಳ್ಳೆಗೂ ಹೇಳ್ಬೇಡ. ಮನೇಲಾದ್ರೆ, ಬಿಡ್ಬೇಕು ಅನ್ನೋ ಯೋಚನೆ ಬಂದ ದಿನಾನೇ ಹೇಳು. ಆದ್ರೆ ನಾನು ನೋಡಿರೋ ಹಾಗೆ ಹೆಚ್ಚಿನವರು ಮಾಡೋದು ಇದಕ್ಕೆ ಪೂರ್ತಿ ಉಲ್ಟಾ, ಆಫೀಸಲ್ಲಿ ಟೀ ಕುಡಿಯುವಾಗ ಫ್ರೆಂಡ್ಸ್ ಹತ್ರ ಎಲ್ಲಾ ಹೇಳ್ಕೊಂಡಿರ್ತಾರೆ, ಮನೇಲಿ ಹೆಂಡ್ತಿಗೋ ಗಂಡನಿಗೋ ಅಪ್ಪಂಗೋ ಗೊತ್ತೇ ಇರಲ್ಲ.

ಆಫೀಸಿನ ಭಾಗ ನಾನು ಅನುಭವಿಸೇ ಕಲಿತಿದ್ದು. 2014ರಲ್ಲಿ ಬೇರೆ ಕಡೆ ಎರಡು ರೌಂಡ್ ಇಂಟರ್‌ವ್ಯೂ ಆಗಿತ್ತು, "ಸೆಲೆಕ್ಟ್ ಆಗಿದೀರಾ, ಲೆಟರ್ ಮುಂದಿನ ವಾರ ಕಳಿಸ್ತೀವಿ" ಅಂತ ಫೋನಲ್ಲಿ ಹೇಳಿದ್ರು. ಖುಷಿ ತಡೆಯೋಕಾಗ್ದೆ ಪಕ್ಕದ ಸೀಟಿನ ಗೆಳತಿಗೆ ಹೇಳ್ದೆ. ಅವಳು ಕೆಟ್ಟವಳಲ್ಲ, ಇವತ್ತಿಗೂ ನನ್ನ ಗೆಳತೀನೇ, ನನ್ನ ಖುಷೀನ ಇನ್ನೊಬ್ರ ಹತ್ರ ಹಂಚ್ಕೊಂಡ್ಲು ಅಷ್ಟೇ. ಎರಡು ದಿನಕ್ಕೆ ಮ್ಯಾನೇಜರ್ ಕರೆದು "ಹೊರಗಡೆ ಟ್ರೈ ಮಾಡ್ತಿದೀಯಂತೆ?" ಅಂದ್ರು. ಆ ಕಡೆ ಲೆಟರ್ ಬರ್ಲೇ ಇಲ್ಲ, ಪೊಸಿಷನ್ ಹೋಲ್ಡ್‌ನಲ್ಲಿದೆ ಅಂತ ಮೇಲ್ ಬಂತು. ಈ ಕಡೆ ಆ ಸಲದ ಪ್ರಮೋಷನ್ ಲಿಸ್ಟಲ್ಲಿದ್ದ ನನ್ನ ಹೆಸರು ಹೋಯ್ತು. ಅದೇ ಸೀಟಲ್ಲಿ ಇನ್ನೂ ಹದಿನಾಲ್ಕು ತಿಂಗಳು ಕೂತೆ.

ಎಚ್‌ಆರ್ ಆಗಿ ಒಳಗಿಂದ ನೋಡ್ತಾ ನೋಡ್ತಾ ಯಾಕೆ ಹೀಗಾಗುತ್ತೆ ಅಂತ ಅರ್ಥ ಆಯ್ತು. ಹೈಕ್ ಕೊಡೋಕೆ ಒಂದು ಟೀಮ್‌ಗೆ ಇಷ್ಟು ದುಡ್ಡು ಅಂತ ಮೇಲಿಂದ ಬರುತ್ತೆ, ಮ್ಯಾನೇಜರ್ ಅದನ್ನ ಹಂಚ್ಬೇಕು. ಹೋಗೋರು ಅಂತ ಸುಳಿವು ಸಿಕ್ಕಿದವರಿಗೆ ಕೊಟ್ರೆ ದುಡ್ಡು ವೇಸ್ಟ್, ಇರೋರಿಗೆ ಕೊಟ್ರೆ ಅವರಾದ್ರೂ ಉಳೀತಾರೆ ಅನ್ನೋದು ಅವರ ಲೆಕ್ಕ. ಆನ್‌ಸೈಟ್ ಕಳಿಸೋದೂ ಹಾಗೇ, ಹೊಸ ಪ್ರಾಜೆಕ್ಟೂ ಹಾಗೇ. ನಿಮ್ಮ ಮೇಲೆ ದ್ವೇಷ ಇರ್ಬೇಕು ಅಂತೇನಿಲ್ಲ, ಒಂದು ಗಾಳಿಮಾತು ಸಾಕು. ಅದಕ್ಕೇ ಲಿಂಕ್ಡ್‌ಇನ್‌ನಲ್ಲಿ ಫೋಟೋ ಸುತ್ತ 'ಕೆಲಸ ಹುಡುಕ್ತಿದೀನಿ' ಅನ್ನೋ ಆ ಹಸಿರು ಪಟ್ಟಿ ಹಾಕ್ಕೊಳ್ಳೋ ಮುಂಚೆ ಯೋಚ್ನೆ ಮಾಡಿ ಅಂತೀನಿ, ರಿಕ್ರೂಟರ್‌ಗಳಿಗೆ ಮಾತ್ರ ಕಾಣೋ ಹಾಗೆ ಇಡೋಕೂ ಆಗುತ್ತೆ, ಆದ್ರೆ ನಿಮ್ಮ ಕಂಪನಿಯವರಿಗೆ ಕಾಣೋದೇ ಇಲ್ಲ ಅನ್ನೋ ಗ್ಯಾರಂಟಿ ಲಿಂಕ್ಡ್‌ಇನ್‌ನವರೂ ಕೊಡಲ್ಲ. ಕೆಲಸ ಹೋಗಿರೋರ ವಿಷಯ ಬೇರೆ, ಅವರು ಧೈರ್ಯವಾಗಿ ಹಾಕ್ಕೋಬೇಕು, ಅದ್ರಲ್ಲಿ ನಾಚಿಕೆ ಪಡೋದು ಏನೂ ಇಲ್ಲ.

ಪೇಪರ್ ಹಾಕಿದ ಮೇಲೆ ಮಾತ್ರ ಗುಟ್ಟು ಸಾಕು. ಮೊದಲು ಮ್ಯಾನೇಜರ್ ಜೊತೆ ಎದುರಿಗೆ ಕೂತು ಹೇಳಿ, ಆ ಕೂಡ್ಲೇ ಮೇಲ್ ಕಳ್ಸಿ, ಯಾಕಂದ್ರೆ ನೋಟಿಸ್ ಪೀರಿಯಡ್ ಲೆಕ್ಕಕ್ಕೆ ಬರೋದು ಮೇಲ್‌ನ ಡೇಟು, ಬಾಯಿ ಮಾತಲ್ಲ. ಐಟಿಯಲ್ಲಿ ಅರವತ್ತು ದಿನ ತೊಂಬತ್ತು ದಿನ ನೋಟಿಸ್ ಇರುತ್ತೆ, ಅಷ್ಟು ದಿನ ಟೀಮಿಗೆ ಗೊತ್ತಿಲ್ದೆ ಕೆಟಿ, ಅಂದ್ರೆ ನಿಮ್ಮ ಕೆಲಸ ಇನ್ನೊಬ್ರಿಗೆ ಹೇಳ್ಕೊಡೋದು, ಆಗುತ್ತಾ? ನಿಮ್ಮ ಜಾಗಕ್ಕೆ ಬರೋ ಹುಡುಗನಿಗೆ ಸರಿಯಾಗಿ ಕಲಿಸಿ ಹೋದ್ರೆ ರಿಲೀವಿಂಗ್ ಲೆಟರ್ ಕೇಳೋವಾಗ ಯಾರೂ ಕಾಲೆಳೆಯಲ್ಲ. ಹೊಸ ಕಂಪನಿ ಹೆಸರು ಹೇಳ್ಬೇಕಾ ಅಂತ ಕೇಳ್ತಾರೆ, ಹೇಳ್ಬೇಕು ಅಂತೇನಿಲ್ಲ. ಕಾಂಪಿಟೀಟರ್ ಹತ್ರ ಸೇರಬಾರದು ಅಂತ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಇದೆಯಲ್ಲಾ ಅಂತ ಹೆದರೋರೂ ಇದಾರೆ. ಕೆಲಸ ಬಿಟ್ಟ ಮೇಲೆ ಇನ್ನೊಂದು ಕಡೆ ದುಡಿಯೋದನ್ನ ತಡೆಯೋ ಕರಾರು 1872ರ ಕಾಂಟ್ರಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲಲ್ಲ, ಆದ್ರೆ ಹಳೇ ಕಂಪನಿ ಫೈಲು, ಡೇಟಾ ತಗೊಂಡು ಹೋದ್ರೆ ಅದು ಬೇರೆ ಕೇಸು, ಅದನ್ನ ಮಾಡ್ಲೇಬೇಡಿ.

ಇಷ್ಟು ಹೇಳಿದ್ರೆ ಎಲ್ಲಾ ಐಟಿಯವರ ಕಥೆ ಆಯ್ತು. ನನಗೆ ಜಾಸ್ತಿ ಬೇಜಾರಾಗೋದು ಗಾರ್ಮೆಂಟ್ಸ್ ಹೆಣ್ಮಕ್ಕಳದ್ದು. ಅಲ್ಲಿ ಕೆಲಸ ಬಿಡೋದು ಅಂದ್ರೆ ಎಷ್ಟೋ ಜನಕ್ಕೆ ನಾಳೆಯಿಂದ ಬರದೇ ಇರೋದು, ಅಷ್ಟೇ. ಸೂಪರ್‌ವೈಸರ್ ಬೈತಾನೆ ಅಂತಲೋ, ಊರಲ್ಲಿ ಅಮ್ಮಂಗೆ ಹುಷಾರಿಲ್ಲ ಅಂತಲೋ, ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರಲ್ಲ, ಹೇಳೋದೂ ಇಲ್ಲ. ನಮ್ಮ ಲೈನ್‌ನಲ್ಲಿ ಒಬ್ಬ ಟೈಲರ್ ಇದ್ಲು, ನಾಲ್ಕು ವರ್ಷ ಐದು ತಿಂಗಳು ಸರ್ವಿಸು, ಹೀಗೇ ಹೇಳ್ದೆ ಕೇಳ್ದೆ ಬಿಟ್ಲು. ಆರು ತಿಂಗಳಾದ ಮೇಲೆ "ನಂದು ಸೆಟ್ಲ್‌ಮೆಂಟ್ ಏನಾಯ್ತು ಮೇಡಂ" ಅಂತ ಗೇಟ್ ಹತ್ರ ನಿಂತಿದ್ಲು. ಸರ್ವಿಸ್ ಲೆಕ್ಕದಲ್ಲಿ ಬಿಡೋವಾಗ ಕಂಪನಿ ಕೊಡೋ ಗ್ರಾಚ್ಯುಟಿ ದುಡ್ಡಿಗೆ 1972ರ ಕಾಯ್ದೆ ಪ್ರಕಾರ ಐದು ವರ್ಷ ತುಂಬ್ಬೇಕಿತ್ತು, ಪರ್ಮನೆಂಟ್ ಕೆಲಸದವರಿಗೆ ಈಗಲೂ ಹಾಗೇ ಇದೆ. ಲೆಕ್ಕ ಸುಲಭ, ಬೇಸಿಕ್ಕೂ ಡಿಎನೂ ಸೇರಿ ತಿಂಗಳಿಗೆ 13,000 ಇದ್ರೆ ಅದನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿದ್ರೆ ವರ್ಷಕ್ಕೆ 7,500, ಐದು ವರ್ಷಕ್ಕೆ 37,500 ರೂಪಾಯಿ. ಆಗ ಅವಳ ಸಂಬಳ ಇದಕ್ಕಿಂತ ಕಮ್ಮಿ ಇತ್ತು, ಆದ್ರೆ ಅವಳಿಗೆ ಅದು ದೊಡ್ಡ ದುಡ್ಡೇ. ಬಿಡೋ ಮುಂಚೆ ನನ್ನ ಹತ್ರ ಒಂದು ಮಾತು ಹೇಳಿದ್ರೆ "ಅಮ್ಮಂಗೋಸ್ಕರ ರಜೆ ಹಾಕ್ಕೊಂಡು ಹೋಗು, ಇನ್ನೇಳು ತಿಂಗಳು ಹೆಂಗಾದ್ರೂ ಎಳಿ" ಅಂತಿದ್ದೆ. ಅವಳಿಗೆ ಹಾಗೆ ಬಂದು ಹೇಳೋ ಧೈರ್ಯ ಬರೋ ಥರ ನಾವು ನಡ್ಕೊಂಡಿರ್ಲಿಲ್ಲ ಅನ್ನೋದೂ ನಿಜ, ಅದು ಇವತ್ತಿಗೂ ನನ್ನ ಮನಸ್ಸಲ್ಲಿ ಕೊರೀತಿದೆ.

ಪಿಎಫ್‌ನಲ್ಲೂ ಇದೇ ಕಥೆ, ಹೇಳ್ದೆ ಬಿಟ್ಟವರಿಗೆ ಕೆಲಸ ಬಿಟ್ಟ ಡೇಟ್ ಹಾಕದೇ ಹಾಗೇ ಬಿಟ್ಬಿಡ್ತಾರೆ, ದುಡ್ಡು ತೆಗೆಯೋಕೆ ಹೋದಾಗ ತೊಂದ್ರೆ ಆಗುತ್ತೆ. 2020ರಿಂದ ಪಿಎಫ್‌ನವರ ಯುಎಎನ್ ಪೋರ್ಟಲ್‌ನಲ್ಲಿ ಆ ಡೇಟ್ ನಾವೇ ಹಾಕ್ಕೋಬಹುದು, ಕೊನೇ ಕಂತು ಕಟ್ಟಿ ಎರಡು ತಿಂಗಳಾಗಿರ್ಬೇಕು ಅಷ್ಟೇ. ಈ ಹೆಣ್ಮಕ್ಕಳಿಗೆ ಪಿಎಫ್ ಅಂದ್ರೆ ಏನು ಅಂತ ಗೊತ್ತಿಲ್ದವರು 2016ರ ಏಪ್ರಿಲ್ ನೆನಪು ಮಾಡ್ಕೊಳ್ಳಿ, ಪಿಎಫ್ ತೆಗೆಯೋ ನಿಯಮ ಬಿಗಿ ಮಾಡಿದ್ರು ಅಂತ ಬೆಂಗಳೂರಲ್ಲಿ ಸಾವಿರಾರು ಜನ ಬೀದಿಗಿಳಿದು ಹೈವೇ ಬಂದ್ ಮಾಡಿ, ಕೊನೆಗೆ ಕೇಂದ್ರ ಸರ್ಕಾರನೇ ಹಿಂದಕ್ಕೆ ತಗೊಳ್ತು.

ಇನ್ನು ಮನೆ ವಿಷಯ. ನಮ್ಮ ಭಾವನ ಕಥೆ ಹೇಳ್ತೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ಕಂಪನಿಯವರು "ನೀವಾಗೇ ರಿಸೈನ್ ಮಾಡ್ಬಿಡಿ, ರೆಕಾರ್ಡ್ ಕ್ಲೀನ್ ಇರುತ್ತೆ" ಅಂತ ಕೂರಿಸ್ಕೊಂಡು ಬರೆಸ್ಕೊಂಡ್ರು. ಅಕ್ಕಂಗೆ ಹೇಳ್ಲಿಲ್ಲ. ಇನ್ನೊಂದು ಸಿಕ್ಕಿದ ಮೇಲೆ ಹೇಳೋಣ, ಸುಮ್ನೆ ಯಾಕೆ ಟೆನ್ಷನ್ ಅಂತ. ದಿನಾ ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟ ಡಬ್ಬಿ ಹಿಡ್ಕೊಂಡು ಹೊರಡೋರು, ಕಬ್ಬನ್ ಪಾರ್ಕ್ ಒಳಗಿನ ಆ ಕೆಂಪು ಕಟ್ಟಡ ಇದೆಯಲ್ಲಾ, ಕೇಂದ್ರ ಗ್ರಂಥಾಲಯ, ಅಲ್ಲಿ ಕೂತು ಪೇಪರ್ ಓದೋದು, ಮಧ್ಯಾಹ್ನ ಮರದ ಕೆಳಗೆ ಚಿತ್ರಾನ್ನ ತಿನ್ನೋದು, ಅಲ್ಲಿಂದಾನೇ ಫೋನಲ್ಲಿ ಅರ್ಜಿ ಹಾಕೋದು, ಸಂಜೆ ಏಳಕ್ಕೆ ಮನೆಗೆ. ಹೀಗೆ ಒಂಬತ್ತು ವಾರ. ಅಷ್ಟರಲ್ಲಿ ಅತ್ತೆಗೆ, ಅಂದ್ರೆ ಭಾವನ ಅಮ್ಮನಿಗೆ, ಪಿತ್ತಕೋಶದ ಕಲ್ಲು ಜಾಸ್ತಿಯಾಗಿ ರಾತ್ರೋರಾತ್ರಿ ಅಡ್ಮಿಟ್ ಮಾಡ್ಬೇಕಾಯ್ತು, ಭಾವ ಆಟೋದಲ್ಲಿ ಅತ್ತೇನ ಕರ್ಕೊಂಡು ಬರೋ ಹೊತ್ತಿಗೆ ಅಕ್ಕ ಮುಂಚೇನೇ ಹೋಗಿ ಕೌಂಟರಲ್ಲಿ ಇನ್ಶೂರೆನ್ಸ್ ಕಾರ್ಡ್ ಕೊಟ್ಟಿದ್ಲು. "ಈ ಪಾಲಿಸಿ ಆಕ್ಟಿವ್ ಇಲ್ಲ ಮೇಡಂ, ಎಂಪ್ಲಾಯಿ ಎರಡು ತಿಂಗಳ ಹಿಂದೇನೇ ಎಕ್ಸಿಟ್ ಆಗಿದಾರೆ" ಅಂದ್ಲಂತೆ ಆ ಹುಡುಗಿ. ಗಂಡನ ಕೆಲಸ ಹೋಗಿದ್ದು ಅಕ್ಕಂಗೆ ಗೊತ್ತಾಗಿದ್ದು ಹಾಗೆ, ಆಸ್ಪತ್ರೆ ಬಿಲ್ಲಿಂಗ್ ಕೌಂಟರಲ್ಲಿ, ಹಿಂದೆ ಹತ್ತು ಜನ ಕ್ಯೂ ನಿಂತಿರುವಾಗ.

ದುಡ್ಡು ಹೆಂಗೋ ಆಯ್ತು, ಬಳೆ ಅಡ ಇಟ್ರು, ನಾವೂ ಹಾಕಿದ್ವಿ. ಅಕ್ಕ ಅತ್ತಿದ್ದು ಬಳೆಗಲ್ಲ. "ಒಂಬತ್ತು ವಾರ ನಾನು ದಿನಾ ಆಫೀಸ್ ಹೆಂಗಿತ್ತು ಅಂತ ಕೇಳಿದೀನಿ, ಅವ್ರು ದಿನಾ ಉತ್ತರ ಕೊಟ್ಟಿದಾರೆ ಕಣೇ" ಅಂದ್ಲು ನನ್ನ ಹತ್ರ. ಅದಕ್ಕೆ ನನ್ನ ಹತ್ರ ಸಮಾಧಾನದ ಮಾತು ಇರ್ಲಿಲ್ಲ.

ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊನೇ ಕೆಲಸದ ದಿನಕ್ಕೇ ಮುಗಿಯುತ್ತೆ. ಅದೇ ಇನ್ಶೂರೆನ್ಸ್ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸ್ಕೊಳ್ಳೋಕೆ ಅವಕಾಶ ಇದೆ, ಆದ್ರೆ ಕವರ್ ಇರುವಾಗ್ಲೇ ಕೇಳ್ಬೇಕು. ಭಾವ ಮೊದಲ ದಿನಾನೇ ಮನೇಲಿ ಹೇಳಿದ್ರೆ ಅಕ್ಕ ನಂಗೆ ಫೋನ್ ಮಾಡ್ತಿದ್ಲು, ನಾನು ಇದನ್ನೇ ಹೇಳ್ತಿದ್ದೆ. ಕೆಲಸ ಹೋದಾಗ ಮನೆಯವರು ಬರೀ ಟೆನ್ಷನ್ ಮಾಡ್ಕೊಳ್ಳಲ್ಲ, ನಮಗೆ ಹೊಳೀದೇ ಇರೋದು ಅವರಿಗೆ ಹೊಳಿಯುತ್ತೆ. ಸ್ಕೂಲ್ ಫೀಸ್ ಮುಂದಿನ ತಿಂಗಳಿದೆ, ಇಎಂಐ ಐದನೇ ತಾರೀಖು, ಚೀಟಿ ಇನ್ನು ಎರಡು ತಿಂಗಳಿಗೆ ಎತ್ತಬಹುದು, ಇವೆಲ್ಲಾ ಅಕ್ಕನ ತಲೇಲಿತ್ತು, ಭಾವನ ತಲೇಲಿ ಇರ್ಲಿಲ್ಲ.

ಕಣ್ಣು ಬೀಳುತ್ತೆ, ಮುಂಚೇನೇ ಹೇಳಿದ್ರೆ ಆಗೋದಿಲ್ಲ ಅಂತ ಅಮ್ಮಂದಿರು ಹೇಳ್ತಾರೆ, ಆಷಾಢದಲ್ಲಿ ಜಾಯ್ನ್ ಆಗ್ಬೇಡ ಅಂತಾರೆ, ನಾನು ಅದನ್ನ ತಳ್ಳಿಹಾಕಲ್ಲ, ಎಷ್ಟೋ ಜನಕ್ಕೆ ಶ್ರಾವಣಕ್ಕೆ ಡೇಟ್ ಕೇಳಿ ಕೊಡ್ಸಿದೀನಿ. ಆದ್ರೆ ಆ ಮಾತು ನೆಂಟರಿಷ್ಟರಿಗೆ, ಅಕ್ಕಪಕ್ಕದವರಿಗೆ. ಒಂದೇ ತಟ್ಟೆಯಲ್ಲಿ ಉಣ್ಣೋರಿಗಲ್ಲ.

ಹಾಂ, ಇನ್ನೊಂದು, ಬಿಟ್ಟ ಮೇಲೆ ಬಾಕಿ ಸಂಬಳ ಕೇಳೋಕೆ ಸಂಕೋಚ ಬೇಡ. 2025ರ ನವೆಂಬರ್ 21ರಿಂದ ಹೊಸ ವೇತನ ಸಂಹಿತೆ ಜಾರಿಗೆ ಬಂದಿದೆ, ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಮಾಡ್ಬೇಕು ಅಂತ ಅದ್ರಲ್ಲಿದೆ.

ಭಾವ ಆಮೇಲೆ ವೈಟ್‌ಫೀಲ್ಡ್ ಕಡೆ ಒಂದು ಕಡೆ ಸೇರಿದ್ರು. ಹೋದ ಯುಗಾದಿ ಹೊತ್ತಿಗೆ ಅಲ್ಲೂ ಬಿಡೋ ಯೋಚ್ನೆ ಬಂದಿತ್ತಂತೆ. ರಾತ್ರಿ ಊಟ ಆದ ಮೇಲೆ ಅಕ್ಕಂಗೆ ಹೇಳಿದಾರೆ. ಅಕ್ಕ ಏನೂ ಮಾತಾಡ್ದೆ ಬೀರು ತೆಗೆದು ಇನ್ಶೂರೆನ್ಸ್ ಕಾರ್ಡ್ ತಂದು ಮುಂದಿಟ್ಟು, "ಇದು ಯಾವ ತಾರೀಖಿನವರೆಗೂ ಇರುತ್ತೆ, ಮೊದಲು ಅದನ್ನ ಕೇಳ್ಕೊಂಡು ಬನ್ನಿ" ಅಂದ್ಲಂತೆ.